ಫಕೀರ ಹೊಡೆದ ಮನೆ ನಂಬರು

ನಗಬೇಕೆಂದು ಬಂದವರೆಲ್ಲ ಹತ್ತಿರ ಕುಳಿತುಕೊಳ್ಳಿ. ಈ ಕತೆಗೆ ನಗಲಾರದವಳು ದ್ಯಾಮವ್ವ ಒಬ್ಬಳೇ. ಅವಳ ಮಗ ಫಕೀರ. ಆಳು ಎತ್ತರ, ದನಿ ಜೋರು, ತಲೆ ಮಾತ್ರ ಖಾಲಿ! ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅದೇ ಅವಳ ಹಣೆಬರಹ.

ಸರ್ಕಾರದವರು ದೇಶದ ಮನೆಮನೆಗೂ ಒಂದೊಂದು ನಂಬರಿನ ತಗಡು ಕಳಿಸಿದ್ದರು. ಒಳಗೊಂದು ಚಿಪ್. ನಂಬರು ಒತ್ತಿದರೆ ಸಾಕು, ಫೋನು ದಾರಿ ತೋರಿಸುತ್ತದೆ. ತಗಡು ಇದ್ದಲ್ಲೇ ಮನೆ. ಅದನ್ನು ಹೊಡೆಯುವ ಕೆಲಸ ಫಕೀರನಿಗೆ ಸಿಕ್ಕಿತು. ದ್ಯಾಮವ್ವ ಹಿಗ್ಗಿದಳು, ಹೆದರಿದಳು. ಮಗಳು ರತ್ನವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೋದ ವರ್ಷ ನೆರೆಮನೆಯ ಹೆರಿಗೆಗೆ ಬಂದ ಅಂಬುಲೆನ್ಸು ಓಣಿ ತಪ್ಪಿ ಊರೆಲ್ಲ ಸುತ್ತಿತ್ತು. ತನ್ನ ಮಗಳಿಗೆ ಹಾಗಾಗಬಾರದು, ಅಷ್ಟೇ ಅವಳ ಚಿಂತೆ.

"ಬಾಗಲಕ್ಕ ಹೊಡಿ. ಬ್ಯಾರೆ ಎಲ್ಲೂ ಹೊಡೀಬ್ಯಾಡ!" ಎಂದರು ಪಂಚಾಯ್ತಿ ಸಾಹೇಬರು.

"ಆತ್ರೀ!" ಎಂದ ಫಕೀರ.

ಗೌರವ್ವಜ್ಜಿಯ ಮನೆಗೆ ಹೋದ. ಬಾಗಿಲೇ ಇಲ್ಲ! ಗೆದ್ದಲು ತಿಂದಿತ್ತೆಂದು ಬಡಿಗೇರ ಮೌನೇಶಪ್ಪನ ಅಂಗಡಿ ಸೇರಿತ್ತು. ಫಕೀರನೂ ಅಲ್ಲಿಗೇ ಹೋದ, ಬಾಗಿಲು ಹುಡುಕಿದ, ಢಣ್ ಢಣ್ ಹೊಡೆದ. ಅಜ್ಜಿಯ ಕಣ್ಣು ನೋಡಲು ಬಂದ ನರ್ಸಮ್ಮ ಫೋನು ತೋರಿಸಿದಲ್ಲಿಗೇ ಹೋಗಿ ಬಡಿಗೇರನ ಕಣ್ಣಿಗೆ ಔಷಧಿ ಬಿಟ್ಟು ಹೋದಳು.

"ಲೇ ಪೆದ್ದ!" ಸಾಹೇಬರು ಗದರಿದರು. "ಬಾಗಲಾ ಇಲ್ಲಂದ್ರ ಮನಿ ಮುಂದ ಏನೈತಿ ನೋಡಿ, ಅದಕ್ಕ ಹಾಕಬೇಕೋ!"

"ಆತ್ರೀ!"

ನಿಂಗಪ್ಪನ ಗುಡಿಸಲಿಗೆ ಹೋದ. ಬಾಗಿಲ ಬದಲು ಗೋಣಿತಟ್ಟು. ಮನೆ ಮುಂದೆ ಏನಿದೆ? ಎಮ್ಮೆ ಇದೆ! ಕೊರಳಿಗೆ ಕಟ್ಟಿಯೇ ಬಿಟ್ಟ. ಎಮ್ಮೆ ಕೆರೆಗೆ ಹೋಯಿತು. ಗ್ಯಾಸಿನವನು ಸಿಲಿಂಡರ್ ಹೊತ್ತು ಮೊಳಕಾಲುದ್ದ ನೀರಿಗಿಳಿದು, "ನಿಂಗಪ್ಪಾ!" ಎಂದು ಕೂಗಿದ. ಎಮ್ಮೆ "ಓಂಯ್" ಎಂದಿತು.

ಸುದ್ದಿ ಕೇಳಿ ದ್ಯಾಮವ್ವ ಹಣೆ ಚಚ್ಚಿಕೊಂಡಳು. "ನಿನ್ನ ಹೆತ್ತ ಹೊಟ್ಟಿಗೆ ಏನ್ ಹೇಳ್ಲೋ! ಗಾಡಿಯವ ಹುಡುಕಬಾರದು, ಅಂವನ ಕಣ್ಣಿಗೇ ಬೀಳಬೇಕು. ಹಂಗ ಹಾಕು!"

"ಆತು ಯವ್ವಾ!"

ಉಳಿದದ್ದು ಅವರ ಮನೆಯದೇ ತಗಡು. ಮಧ್ಯಾಹ್ನ ರತ್ನವ್ವನಿಗೆ ನೋವು ಶುರುವಾಯಿತು. ದ್ಯಾಮವ್ವ ಅಂಬುಲೆನ್ಸಿಗೆ ಫೋನು ಮಾಡಿ ನಂಬರು ಹೇಳಿದಳು. "ಓಡಲೇ, ತಗಡು ಹಾಕು!" ಎಂದು ಮಗನಿಗೆ ಕೂಗಿದಳು. ಫಕೀರ ಓಡಿದ. ಎಲ್ಲಿಗೆ? ಊರ ಹೆಬ್ಬಾಗಿಲಿಗೆ, ಅಗಸಿಗೆ! ಬಂದ ಗಾಡಿಗೆ ಕೈ ಅಡ್ಡ ಹಿಡಿದ. ಡ್ರೈವರನ ಕಣ್ಣೆದುರಿನ ಗಾಜಿಗೇ ತಗಡು ಅಂಟಿಸಿದ.

"ತಲುಪಿದ್ದೀರಿ" ಎಂದಿತು ಫೋನು.

"ಪೇಶಂಟ್ ಎಲ್ಲಿ?" ಎಂದ ಡ್ರೈವರ್.

"ಮನ್ಯಾಗ್ರೀ!"

"ಮನಿ ಎಲ್ಲಿ?"

"ಇಲ್ಲೇ ಬಂದೈತಲ್ರೀ!"

ಗಾಡಿ ನಾಲ್ಕು ಮಾರು ಮುಂದೆ ಹೋದರೆ "ತಲುಪಿದ್ದೀರಿ". ಹಿಂದೆ ಬಂದರೂ "ತಲುಪಿದ್ದೀರಿ"! ಡ್ರೈವರ್ ತಲೆ ಕೆರೆದುಕೊಂಡ. ಕೊನೆಗೆ ರತ್ನವ್ವನೇ ತಾಯಿಯ ಹೆಗಲು ಹಿಡಿದು, ನರಳುತ್ತ, ನಿಲ್ಲುತ್ತ, ಅಗಸಿಯ ತನಕ ನಡೆದು ಬಂದಳು. ಗಾಡಿ ಹತ್ತಿದ್ದೇ ತಡ, ಕೂಸು ಕಿಟಾರನೆ ಕಿರುಚಿತು. ದ್ಯಾಮವ್ವನ ಎದೆಯ ಭಾರ ಇಳಿಯಿತು. ಮೊಮ್ಮಗಳ ಮುಖ ನೋಡಿ ಅತ್ತಳು. ಮಗನನ್ನು ಬಯ್ಯುವುದೂ ಮರೆತುಹೋಯಿತು.

ಆಸ್ಪತ್ರೆಯಲ್ಲಿ ಬಾಣಂತಿಯನ್ನು ಮಲಗಿಸಿದ ಮೇಲೆ ನೆನಪಾಯಿತು. "ಹಾಳಾದವನ! ಇನ್ನರ ಬುದ್ಧಿ ಕಲಿ! ಮನಿಗೆ ಹೋಗಿ ಕಸ ಹೊಡದು, ರಂಗೋಲಿ ಹಾಕಿ, ನೀರು ಕಾಸಿಡು. ಮುಂಜಾನೆ ಬಾಣಂತಿ ಬರತಾಳ!"

"ಆತು ಯವ್ವಾ!" ತಗಡು ಇದ್ದಲ್ಲೇ ಮನೆ ಅಲ್ಲವೇ? ಫಕೀರ ಪೊರಕೆ ಹುಡುಕಿಕೊಂಡು, ಗಾಡಿ ನಿಂತಿದ್ದ ಆಸ್ಪತ್ರೆಯ ಅಂಗಳಕ್ಕಿಳಿದ.

ಬೆಳಿಗ್ಗೆ ಡ್ರೈವರ್ ಬಂದು ನೋಡುತ್ತಾನೆ: ಗಾಡಿ ಮುಂದೆ ರಂಗೋಲಿ, ಮೆಟ್ಟಿಲಿಗೆ ಅರಿಶಿನ ಕುಂಕುಮ, ಪಕ್ಕದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಹಂಡೆ.

"ಯಾರಲೇ ಒಳಗ! ತಗೀ ಬಾಗಲಾ!" ಎಂದು ದಬದಬ ಬಡಿದ.

ಫಕೀರ ತಲೆ ಹೊರಹಾಕಿ, ಬಾಯಿ ಮೇಲೆ ಬೆರಳಿಟ್ಟ.

"ಸಾವಕಾಶ ಬಡೀರಿ, ಕೂಸಿರೋ ಮನಿ. ಚಪ್ಪಲ್ ಹೊರಗ ಬಿಟ್ಟು ಒಳಗ ಬರ್ರಿ!"