ನಕ್ಷತ್ರದ ಎದುರು ನಿಂತ ಹೆಂಟೆ

“ಉಸ್ತಾದರೇ, ತನಗಿಂತ ದೊಡ್ಡವನ ಎದುರು ನಿಂತು ದಿನಾ ಸವೆಯುವುದಕ್ಕಿಂತ ಎದ್ದುಹೋಗುವುದೇ ಮೇಲಲ್ಲವೇ?”

ದ್ಯಾಮಣ್ಣ ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಗರಡಿಗೆ ಭರಮಪ್ಪನೆಂಬ ಹೊಸ ಪೈಲ್ವಾನ ಬಂದು ವರ್ಷವಾಗಿತ್ತು. ಅವನ ಪಟ್ಟಿಗೆ ಸಿಕ್ಕಿ ಎಳೆಯರು ಅರ್ಧಕ್ಕರ್ಧ ಚದುರಿಹೋಗಿದ್ದರು. ಅವನಿಗೆ ಎದುರು ನಿಲ್ಲುವವನು ದ್ಯಾಮಣ್ಣ ಒಬ್ಬನೇ. ನಿತ್ಯ ಮಣ್ಣು ಮುಕ್ಕುವವನೂ ಅವನೇ.

ಉಸ್ತಾದರು ಮೀಸೆ ತೀಡಿದರು.

“ಹರೆಯದಲ್ಲಿ ನಾನು ಆಕಾಶಕ್ಕೆ ಕುಸ್ತಿಗೆ ಹೋಗಿದ್ದೆ. ಭೂಮಿಯ ಮೇಲೆ ನನಗೆ ಜೋಡಿ ಸಿಗುತ್ತಿರಲಿಲ್ಲ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ, ಕೇಳು.”

ದ್ಯಾಮಣ್ಣನಿಗೆ ನಗು ಬಂತು. ಹೋದ ಸಲ ಉಸ್ತಾದರು ಪಾತಾಳಕ್ಕೆ ಹೋಗಿ ಬಂದಿದ್ದರು. ಆದರೂ ಗಂಟು ಕೆಳಗಿಟ್ಟು ಕೂತ.

“ಅಲ್ಲೊಂದು ಧೂಳಿನ ಮೋಡ. ನೂರು ಸೂರ್ಯರನ್ನು ಹೆರುವಷ್ಟು ಧೂಳು, ಅದಕ್ಕೂ ಮಿಗಿಲಾಗಿ ಆವಿ. ಮೊದಲು ಹುಟ್ಟಿದ್ದು ಒಂದು ದೈತ್ಯ ನಕ್ಷತ್ರ. ಅದು ಕಣ್ಣು ಬಿಟ್ಟದ್ದೇ ತಡ, ಬೆಳಕೇ ಬಿರುಗಾಳಿಯಾಯಿತು. ಹೆತ್ತ ಮೋಡವನ್ನೇ ತೂರತೊಡಗಿತು. ನಾನೇ ಲಂಗೋಟಿ ಬಿಗಿಹಿಡಿದು ನಿಂತೆ ಅಂದಮೇಲೆ ಉಳಿದವರ ಪಾಡೇನು! ಮೋಡದ ನಡುವೆ ಗುಡಾಣದಂಥ ಪೊಳ್ಳು ಬಿತ್ತು. ತೆಳು ಧೂಳೆಲ್ಲ ಹಾರಿಹೋಯಿತು. ಅದರಲ್ಲಿ ಹುಟ್ಟಬೇಕಾದ ನಕ್ಷತ್ರಗಳು ಹುಟ್ಟದೆಯೇ ಹೋದವು.

“ಒಂದು ಕಡೆ ಮಾತ್ರ ಧೂಳಿನದೇ ಒಂದು ಗಟ್ಟಿ ಹೆಂಟೆ ಇತ್ತು. ‘ಪಕ್ಕಕ್ಕೆ ಸರಿಯೋ, ಸುಟ್ಟುಹೋಗುತ್ತೀ’ ಎಂದೆ. ‘ನೀನು ಬಂದ ದಾರಿ ಹಿಡಿ, ಪೈಲ್ವಾನ’ ಎಂದಿತು. ದಿನದಿನಕ್ಕೆ ಅದರ ಮುಖ ಕರಗಿತು. ಆದರೆ ಬೆನ್ನ ಹಿಂದೆ, ಅದರ ನೆರಳು ಬಿದ್ದಷ್ಟು ಉದ್ದಕ್ಕೂ, ಧೂಳು ಕಂಬದ ಹಾಗೆ ನಿಂತಿತು. ಆ ಕಂಬದೊಳಗೆ ಪುಟ್ಟ ನಕ್ಷತ್ರಗಳು ಹುಟ್ಟಿದವು.”

“ಅಷ್ಟು ದೂರ ಹೋದವರು ಆ ದೈತ್ಯನನ್ನು ಕೆಡವಿ ಬರಬಾರದಿತ್ತೇ?”

“ಒಂದೇ ಪಟ್ಟಿಗೆ ಕೆಡವುತ್ತಿದ್ದೆ. ಆದರೆ ಅದು ತಾನೇ ಉರಿದು ಬೀಳುವ ಜಾತಿ. ದೊಡ್ಡ ಒಲೆಯಲ್ಲಿ ಸೌದೆ ಬೇಗ ಮುಗಿಯುತ್ತದೆ.”

ದ್ಯಾಮಣ್ಣನ ನಗು ಎತ್ತಲೋ ಹೋಗಿತ್ತು.

“ಹೆಂಟೆಗೆ ಏನು ಸಿಕ್ಕಿತು?”

“ಏನೂ ಇಲ್ಲ. ಸವೆಯಿತು.”

“ಹಾಗಾದರೆ ನಾನು ಹೊರಡುವುದೇ ಸರಿ,” ಎಂದು ದ್ಯಾಮಣ್ಣ ಎದ್ದ.

ಉಸ್ತಾದರು ತಡೆಯಲಿಲ್ಲ.

“ಹೋಗು, ಆದರೆ ಇನ್ನೂ ಓಡಿಹೋಗದೆ ಉಳಿದಿದ್ದಾರಲ್ಲ ಎಳೆಯರು, ಅವರು ಇಷ್ಟು ದಿನ ಯಾರ ಬೆನ್ನ ಹಿಂದೆ ಸಾಮು ಮಾಡುತ್ತಿದ್ದರು, ಅದೊಂದು ಹೇಳಿ ಹೋಗು.”

ಗಂಟಿಗೆ ಚಾಚಿದ್ದ ಕೈಯನ್ನು ದ್ಯಾಮಣ್ಣ ಹಿಂದಕ್ಕೆ ತೆಗೆದುಕೊಂಡ.