ಎಡಕ್ಕ ಬಿದ್ದ ಹೂವು

ಹಿಂದಕ, ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲಕ್ಕ, ಒಂದೂರಾಗ ದೊಡ್ಡ ವಿದ್ಯಾಪೀಠ ಇತ್ತಂತ. ಅಲ್ಲಿ ಬಾಳಕ್ಕ ಅಂತ ಒಬ್ಬಾಕಿ ಪಾಠ ಹೇಳ್ತಿದ್ಳಂತ. ಆಕಿ ಸಿಟ್ಟಿಗೆದ್ರ ಗುಡಿ ಗಂಟಿನೂ ಸುಮ್ಮಾಗ್ತಿತ್ತು ಅಂತಾರ.

ಸಿಟ್ಟು ಬರದ ಏನ್ ಮಾಡೀತು? ಆ ಪೀಠದ ಪದ್ಧತಿ ಕೇಳಿದ್ರ ನಿಮ್ಮ ಮೈನೂ ಉರೀತದ. ಓದಿನ್ಯಾಗ ಹಿಂದ ಬಿದ್ದ ಹುಡುಗರನ್ನ ದೇವಿ ಮುಂದ ನಿಲ್ಲಿಸಿ ಹೂವು ಕೇಳ್ತಿದ್ರಂತ. ದೇವಿ ತಲಿ ಮ್ಯಾಲಿನ ಹೂವು ಬಲಕ್ಕ ಬಿದ್ರ ಪರೀಕ್ಷೆಗೆ ಕೂಡಬೇಕು, ಎಡಕ್ಕ ಬಿದ್ರ ಗಂಟು ಕಟ್ಟಿ ಮನಿಗೆ ಹೋಗಬೇಕು. ಶ್ಯಾಣ್ಯಾರಿಗೆ ಮಾತ್ರ ಹೂವೂ ಇಲ್ಲ, ಗೀವೂ ಇಲ್ಲ! ಅವರದ್ದ್ಯಾಕ ಕೇಳಲಿಲ್ಲ? ಹೇಳ್ರಿ ನೋಡೋಣು!

ಆ ಹಿಂದ ಬಿದ್ದವರಾಗ ಯಮನೂರಪ್ಪ ಒಬ್ಬ, ಕುರಿ ಕಾಯೋರ ಮಗ. ಹೂವು ಬಲಕ್ಕ ಬೀಳಲಿ ಅಂತ ಪುಸ್ತಕ ಬಿಟ್ಟು ಉಪವಾಸ ಹಿಡಿದಿದ್ದ, ಉರುಳು ಸೇವಾ ಮಾಡ್ತಿದ್ದ. ಇವತ್ತ ಏನ್ ಓದಿದಿ ಅಂತ ಬಾಳಕ್ಕ ಕೇಳಿದ್ರ, "ಎಲ್ಲಾ ಆ ತಾಯಿ ಕೈಯಾಗ ಐತ್ರೀ ಅಕ್ಕಾರ," ಅಂದನಂತ.

ಬಾಳಕ್ಕಗ ಮೈಯೆಲ್ಲಾ ಬೆಂಕಿ ಆತು. ಅವನ ಮ್ಯಾಲಲ್ಲ, ಅವನಿಗೆ ಆ ಮಾತು ಕಲಿಸಿದವರ ಮ್ಯಾಲ. ಮೊದಲು ಹೊಟ್ಟಿ ತುಂಬ ರೊಟ್ಟಿ ಉಣಿಸಿದಳಂತ. ಆಮ್ಯಾಲ, ಯಾವ ಪಾಠದಿಂದ ಶುರು ಮಾಡೋಣು, ನೀನ ಹೇಳು ಅಂದಳಂತ. ಹುಟ್ಟಿದಾಗಿಂದ ಅವನ್ನ ಯಾರೂ ಹಂಗ ಕೇಳಿದ್ದಿಲ್ಲ. ತಡವರಿಸಿ, ಲೆಕ್ಕ ಅಂದ. ಮಾಡಿದ, ತಪ್ಪಿದ. ಎಲ್ಲಿ ತಪ್ಪೈತಿ ನೀನ ಹುಡುಕು ಅಂದಳು. ಹುಡುಕಿದ, ಸಿಕ್ತು! ಅವತ್ತಿಂದ ದಿನಾ ಸಂಜಿಗೆ ಆಕಿದು ಒಂದ ಪ್ರಶ್ನಿ: ನಾಳೆ ನೀ ಏನ್ ಮಾಡಾಂವ?

ಹೂವಿನ ದಿನ ಬಂತು. ಯಮನೂರಪ್ಪನ್ನ ದೇವಿ ಮುಂದ ನಿಲ್ಲಿಸಿದ್ರಂತ. ಹೂವು ಬಿತ್ತು. ಎಡಕ್ಕ.

ಗಂಟು ಕಟ್ಟು ಅಂದ್ರು ಪೀಠದ ದೊಡ್ಡ ಗುರುಗಳು. ಯಮನೂರಪ್ಪ ಬಾಳಕ್ಕನ ಮಾರಿ ನೋಡಿದ. ಆಕಿ ಸಂಜಿ ಪ್ರಶ್ನಿ ನೆನಪಾತು. ಆಗ ಅವ ಬಗ್ಗಿ ಆ ಹೂವು ಎತ್ತಿ ಎಡಗಿವಿಗೆ ಸಿಗಿಸಿಕೊಂಡು, ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಂತನಂತ. "ತಾಯಿ ಹೂವು ಕೊಟ್ಟಾಳ್ರೀ, ಇಟ್ಕೊಂಡೀನಿ. ಪಾಠ ಒಪ್ಪಿಸಾಂವ ನಾನು, ಕೇಳ್ರಿ," ಅಂದ. ನಡುವ ಒಂದ್ ಕಡೆ ತಪ್ಪಿದ. ತಾನ ನಿಂತ, ತಾನ ತಿದ್ದಿದ, ಮುಂದಕ್ಕ ಹೋದ. ಪೂರಾ ಒಪ್ಪಿಸಿದ. ಅವನ್ನ ಕಳಿಸೂ ಧೈರ್ಯ ಯಾರಿಗೂ ಆಗಲಿಲ್ಲ.

ಆಗ ಬಾಳಕ್ಕ ಗುಡುಗಿದ್ಳು ನೋಡ್ರಿ: "ಇಷ್ಟ್ ವರ್ಷ ಎಷ್ಟ್ ಮಕ್ಕಳನ್ನ ಒಂದ ಮಾತೂ ಕೇಳದನ ಮನಿಗೆ ಅಟ್ಟಿದ್ರಿ?"

ಈಗೂ ಆ ಕಡೆ ಪರೀಕ್ಷೆಗೆ ಹೊಂಟ ಮಕ್ಕಳು ನೆಲಕ್ಕ ಬಿದ್ದ ಹೂವು ಹುಡುಕಿ ಎಡಗಿವಿಗೆ ಇಟ್ಕೋತಾರ. ಅವ್ವಂದಿರು ಬಾಗಲದಾಗ ಅಡ್ಡ ನಿಂತು ಕೇಳ್ತಾರ: "ಇವತ್ತ ನೀ ಏನ್ ಮಾಡಾಕಿ, ಮಗಳ?" ಉತ್ತರ ಹೇಳೂತನಕ ಹೊಸ್ತಿಲ ದಾಟಾಕ ಬಿಡೂದಿಲ್ಲ.