ಗಾಜಿನ ಈಚೆಯ ಊಟ

“ನಿಯಮಗಳನ್ನೆಲ್ಲ ಪಾಲಿಸಿದ ಮೇಲೆ ನನ್ನ ಹೊಣೆ ಮುಗಿಯಿತಲ್ಲವೇ, ಸರ್?”

ಪ್ರಯೋಗದ ಪ್ರಾಣಿಗಳೊಂದಿಗೆ ಕೆಲಸ ಮಾಡಲು ಬಂದ ಹೊಸಬರಿಗೆ ಪಾಠ ಹೇಳುತ್ತಿದ್ದ ಪಶುವೈದ್ಯ ಈರಭದ್ರಪ್ಪನವರನ್ನು ಶಿಷ್ಯ ಶ್ರೀಕಂಠ ಹೀಗೆ ಕೇಳಿದ. ಪಂಜರದ ಅಳತೆ, ನೀರು, ಬೆಳಕು, ನೋವು ಕಾಣಿಸಿದಾಗ ಕೊಡಬೇಕಾದ ಮದ್ದು, ಎಲ್ಲವನ್ನೂ ಅವನು ಆ ವಾರದಲ್ಲಿ ಕಲಿತಿದ್ದ. ಪರೀಕ್ಷೆಯಲ್ಲಿ ಒಂದು ಉತ್ತರವೂ ತಪ್ಪಿರಲಿಲ್ಲ.

ಈರಭದ್ರಪ್ಪನವರು ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಸಂಸ್ಥೆಯಲ್ಲಿ ಒಬ್ಬ ಸಂಶೋಧಕಿ ಇದ್ದಳು. ಜ್ವರದ ಲಸಿಕೆಯೊಂದನ್ನು ಆಕೆ ಪರೀಕ್ಷಿಸುತ್ತಿದ್ದಳು. ಅದಕ್ಕಾಗಿ ಆಕೆಗೆ ಒಂದು ಹೆಣ್ಣು ಕೋತಿಯನ್ನು ಕೊಟ್ಟರು. ಲಸಿಕೆ ಹಾಕಿದ ಮೇಲೆ ಅದರ ರಕ್ತವನ್ನು ಒಂದು ವರ್ಷ ನೋಡಬೇಕು. ಅಲ್ಲಿಯವರೆಗೆ ಬೇರೆ ಕೋತಿಗಳ ಸೋಂಕು ಅದಕ್ಕೆ ತಗುಲಬಾರದು. ಆದ್ದರಿಂದ ಅದನ್ನು ಒಂದು ಕೋಣೆಯಲ್ಲಿ ಒಂಟಿಯಾಗಿ ಇಟ್ಟರು.

ಮೊದಲ ಹತ್ತು ದಿನ ಕೋತಿ ಸರಿಯಾಗಿ ತಿನ್ನಲಿಲ್ಲ. ಆಕೆ ಹಣ್ಣು ಬದಲಿಸಿದಳು, ಬೆಳಕು ತಗ್ಗಿಸಿದಳು, ಹಿಡಿದು ಕೂರಲು ಒಂದು ಮರದ ಕೊಂಬೆ ಕಟ್ಟಿಸಿದಳು. ಆದರೂ ತೂಕ ಇಳಿಯಿತು.

ಆ ಸಂಶೋಧಕಿಗೆ ಮಾತು ಕಡಿಮೆ. ಕ್ಯಾಂಟೀನಿನಲ್ಲಿ ಆಕೆ ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಯಾರಿಗೂ ಆಕೆಯ ಮೇಲೆ ಸಿಟ್ಟಿರಲಿಲ್ಲ. ಬಾ ಎಂದು ಕರೆಯುವಷ್ಟು ಪರಿಚಯವೂ ಇರಲಿಲ್ಲ. ಅಕ್ಕಪಕ್ಕದ ಮೇಜುಗಳ ನಗು ಕೇಳುತ್ತಾ ಉಣ್ಣುವುದು ಕಷ್ಟವಾಗಿ, ಒಂದು ದಿನ ಆಕೆ ತನ್ನ ಡಬ್ಬಿ ತೆಗೆದುಕೊಂಡು ಪ್ರಾಣಿಶಾಲೆಯ ಕೋಣೆಗಳ ನಡುವಿನ ಓಣಿಗೆ ಬಂದಳು. ಕೋತಿಯ ಕೋಣೆಯೊಳಗೆ ಊಟ ಒಯ್ಯುವಂತಿರಲಿಲ್ಲ. ಹೊರಗೆ ಗಾಜಿನ ಕಿಟಕಿಯ ಮುಂದೆ ಒಂದು ಸ್ಟೂಲು ಹಾಕಿಕೊಂಡು ಕೂತಳು.

ಆಕೆ ರೊಟ್ಟಿ ಮುರಿಯುವುದನ್ನು ಕೋತಿ ನೋಡಿತು. ಸ್ವಲ್ಪ ಹೊತ್ತಿನ ಮೇಲೆ ಗಾಜಿನ ಹತ್ತಿರ ಬಂತು. ಬೆಳಗಿನಿಂದ ಮುಟ್ಟದ ಕಡಲೆಕಾಯಿಯನ್ನು ತಂದು, ಆಕೆಯ ಎದುರಿಗೆ ಕೂತು, ಸುಲಿದು ತಿಂದಿತು.

ಮರುದಿನವೂ ಆಕೆ ಅಲ್ಲಿಯೇ ಉಂಡಳು. ಕೋತಿಯೂ ತಿಂದಿತು. ಹೀಗೆ ಆರು ತಿಂಗಳು ನಡೆಯಿತು. ತೂಕ ಏರಿತು. ಆಕೆ ದಾಖಲೆಯ ಹಾಳೆಯಲ್ಲಿ ‘ಕೋಣೆಗೆ ಹೊಂದಿಕೊಂಡಿದೆ’ ಎಂದು ಬರೆದಳು. ಹಾಗೆಂದೇ ಆಕೆ ನಂಬಿದ್ದಳು. ಓಣಿಯಲ್ಲಿ ಕೂತು ಉಣ್ಣುವುದು ತನ್ನ ಅನುಕೂಲಕ್ಕೆ ಎಂದು ತಿಳಿದಿದ್ದಳು.

ಆಮೇಲೆ ರಕ್ತಪರೀಕ್ಷೆಯ ಹೊಸ ವಿಧಾನವೊಂದನ್ನು ಕಲಿಯಲು ಆಕೆಯನ್ನು ನಲವತ್ತು ದಿನಗಳ ಮಟ್ಟಿಗೆ ಬೇರೆ ಊರಿಗೆ ಕಳಿಸಿದರು. ಹೊರಡುವ ಮೊದಲು ಆಕೆ ಎರಡು ಹಾಳೆಗಳ ತುಂಬ ಸೂಚನೆ ಬರೆದಳು. ಯಾವ ಹೊತ್ತಿಗೆ ಏನು ತಿನ್ನಿಸಬೇಕು, ಎಷ್ಟು ನೀರು, ಯಾವಾಗ ದೀಪ ಆರಿಸಬೇಕು, ತೂಕ ಎಷ್ಟು ಇಳಿದರೆ ವೈದ್ಯರನ್ನು ಕರೆಯಬೇಕು. ಪ್ರಾಣಿಗಳನ್ನು ನೋಡಿಕೊಳ್ಳುವ ಪರಿಚಾರಕನನ್ನು ಕೂರಿಸಿಕೊಂಡು ಒಂದೊಂದು ಸಾಲನ್ನೂ ಓದಿ ಹೇಳಿದಳು.

ಬೇರೆ ಊರಿನಲ್ಲಿ ಆಕೆ ಒಬ್ಬಳೇ ಉಂಡಳು. ವಾರಕ್ಕೊಮ್ಮೆ ಫೋನು ಮಾಡಿ ಕೋತಿಯ ತೂಕ ಕೇಳಿದಳು. ತೂಕ ತುಸು ಇಳಿದಿತ್ತು. ಆದರೆ ವೈದ್ಯರನ್ನು ಕರೆಯುವಷ್ಟು ಇಳಿದಿರಲಿಲ್ಲ.

ನಲವತ್ತೊಂದನೆಯ ದಿನ ಆಕೆ ಹಿಂತಿರುಗಿ ಬಂದು ಕಿಟಕಿಯ ಮುಂದೆ ನಿಂತಳು. ಕೋತಿ ಗೋಡೆಗೆ ಮುಖಮಾಡಿ ಕೂತಿತ್ತು. ತನ್ನ ಎಡಗೈಯ ಕೂದಲನ್ನು ತಾನೇ ಕಿತ್ತುಕೊಂಡಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬರೀ ಚರ್ಮ ಕಾಣುತ್ತಿತ್ತು.

ಆಕೆ ಪರಿಚಾರಕನನ್ನು ಕರೆದಳು. “ನಾನು ಬರೆದಿಟ್ಟದ್ದೆಲ್ಲ ಮಾಡಿದಿರಾ?”

“ಒಂದನ್ನೂ ಬಿಟ್ಟಿಲ್ಲ ಮೇಡಂ. ಹಾಳೆ ನೋಡಿ. ಮೊದಲ ಹದಿನೈದು ದಿನ ಮಧ್ಯಾಹ್ನವಾದರೆ ಗಾಜಿನ ಹತ್ತಿರ ಬಂದು ಕೂರುತ್ತಿತ್ತು. ಕೈಯಲ್ಲಿ ಕಡಲೆಕಾಯಿ ಹಿಡಿದುಕೊಂಡೇ ಇರುತ್ತಿತ್ತು, ತಿನ್ನುತ್ತಿರಲಿಲ್ಲ. ಆಮೇಲೆ ಬರುವುದನ್ನು ಬಿಟ್ಟಿತು.”

“ನನಗೆ ಯಾಕೆ ಹೇಳಲಿಲ್ಲ?”

“ನೀವು ತೂಕ ಕೇಳಿದಿರಿ ಮೇಡಂ.”

ಆಕೆ ಅವನ ಮೇಲೆ ಸಿಟ್ಟಾಗಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು.

ಮರುದಿನ ಆಕೆ ಮೇಲ್ವಿಚಾರಣೆಯ ಸಮಿತಿಯ ಮುಂದೆ ಹೋಗಿ ತಾನು ತಪ್ಪು ಮಾಡಿದ್ದೇನೆ ಎಂದಳು. ಸಮಿತಿಯವರು ಹಾಳೆಗಳನ್ನೆಲ್ಲ ನೋಡಿದರು. ಕೋಣೆಯ ಅಳತೆ ಸರಿಯಿತ್ತು. ಆಹಾರ ಸರಿಯಿತ್ತು. ಯಾವ ನಿಯಮವೂ ಮುರಿದಿಲ್ಲ, ನೀವು ನೊಂದುಕೊಳ್ಳಬೇಡಿ ಎಂದರು. ಆಕೆ ಕೋತಿಯನ್ನು ಇನ್ನೊಂದು ಕೋತಿಯ ಜೊತೆ ಬಿಡೋಣ ಎಂದು ಕೇಳಿದಳು. ಅದಕ್ಕೆ ಹಿರಿಯ ಸದಸ್ಯರೊಬ್ಬರು, “ಇನ್ನು ನಾಲ್ಕು ತಿಂಗಳು ಉಳಿದಿದೆಯಮ್ಮ. ಈಗ ಬಿಟ್ಟರೆ ಇಷ್ಟು ದಿನ ಇದು ಪಟ್ಟದ್ದೆಲ್ಲ ಹಾಳು. ಮೊದಲಿನಿಂದ ಇನ್ನೊಂದನ್ನು ಒಂಟಿಯಾಗಿ ಇಡಬೇಕಾಗುತ್ತದೆ. ಹಾಗೆ ಮಾಡೋಣವೇ?” ಎಂದರು.

ಆಕೆ ತನ್ನ ಹಾಳೆಗಳನ್ನು ಎತ್ತಿಕೊಂಡಳು. ಎದ್ದು ಬಂದಳು.

ಅಂದು ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಓಣಿಗೆ ಹೋದಳು. ಸ್ಟೂಲಿನ ಮೇಲೆ ಕೂತಳು. ಕೋತಿ ತಿರುಗಿ ನೋಡಲಿಲ್ಲ. ಆಕೆ ಮೆಲ್ಲಗೆ ಗಾಜು ತಟ್ಟಿದಳು. ಕೋತಿ ಇನ್ನೂ ಮೂಲೆಗೆ ಸರಿಯಿತು. ಆಮೇಲೆ ಆಕೆ ಎಂದೂ ಗಾಜು ತಟ್ಟಲಿಲ್ಲ. ಊಟ ಮುಗಿಸಿ, ಸ್ವಲ್ಪ ಹೊತ್ತು ಕೂತು, ಎದ್ದು ಹೋದಳು. ಆಕೆ ಹೋದ ಮೇಲೆ ಕೋತಿ ಒಂದಿಷ್ಟು ತಿಂದಿತೆಂದು ಪರಿಚಾರಕ ಹೇಳಿದ.

ಮರುದಿನವೂ ಹಾಗೆಯೇ ಆಯಿತು. ಆಕೆ ಭಾನುವಾರವೂ ಬಂದಳು. ಹಬ್ಬದ ದಿನಗಳಲ್ಲೂ ಬಂದಳು. ಸಂಸ್ಥೆಯವರೆಲ್ಲ ಊರಿಗೆ ಹೋದ ದಿನ ಕಾವಲುಗಾರನಿಂದ ಬಾಗಿಲು ತೆರೆಸಿಕೊಂಡು ಬಂದು ಕೂತಳು. ಒಮ್ಮೆ ಜ್ವರವಿದ್ದಾಗ ಬರಲಾಗದೆ, ಪರಿಚಾರಕನಿಗೆ ಹೇಳಿ ಕಳಿಸಿ ಅಲ್ಲಿ ಕೂತು ಉಣ್ಣುವಂತೆ ಬೇಡಿಕೊಂಡಳು. ಅವನು ಉಂಡ. ಕೋತಿ ಅವನ ಕಡೆಯೂ ನೋಡಲಿಲ್ಲ.

ಈ ನಡುವೆ ಆಕೆ ಸಮಿತಿಗೆ ಕಾಗದ ಬರೆದಳು. ಇನ್ನು ಮುಂದೆ ಪ್ರಾಣಿಯನ್ನು ಬೇರೆಯಾಗಿ ಇಡಲೇಬೇಕಾದರೆ, ಎರಡು ಪ್ರಾಣಿಗಳಿಗೆ ನಡುವೆ ಗಾಜು ಹಾಕಿ ಅಕ್ಕಪಕ್ಕ ಎರಡು ಕೋಣೆ ಕಟ್ಟಿಸಿರಿ, ಸೋಂಕು ದಾಟದಿದ್ದರೂ ನೋಟ ದಾಟುತ್ತದೆ ಎಂದಳು. ಸಮಿತಿ ಒಪ್ಪಿತು. ಕೋಣೆಗಳು ಸಿದ್ಧವಾಗುವ ಹೊತ್ತಿಗೆ ಈ ಕೋತಿಯ ವರ್ಷ ಮುಗಿದಿತ್ತು.

ಲಸಿಕೆ ಫಲ ಕೊಟ್ಟಿತು. ಕೋತಿಯನ್ನು ಬಯಲಿನ ದೊಡ್ಡ ಆವರಣದಲ್ಲಿ ಬೇರೆ ಕೋತಿಗಳ ಜೊತೆ ಬಿಟ್ಟರು. ಆಕೆ ಬೇಲಿಯ ಹೊರಗೆ ನಿಂತು ನೋಡಿದಳು. ಒಂದು ಮುದಿ ಕೋತಿ ಹತ್ತಿರ ಬಂದು, ಕೂದಲಿಲ್ಲದ ಆ ಕೈಯನ್ನು ಎತ್ತಿ ಹಿಡಿದು ಪರೀಕ್ಷಿಸಿತು. ಸಂಶೋಧಕಿ ತುಂಬ ಹೊತ್ತು ನಿಂತಿದ್ದಳು. ಕೋತಿ ಅಂದೂ ಆಕೆಯ ಕಡೆ ನೋಡಲಿಲ್ಲ.

ಈರಭದ್ರಪ್ಪನವರು ಕತೆ ನಿಲ್ಲಿಸಿದರು.

ಶ್ರೀಕಂಠ ಕೇಳಿದ: “ನಾಲ್ಕು ತಿಂಗಳು ಅದು ಬೆನ್ನು ಮಾಡಿಯೇ ಕೂತಿತ್ತು, ಸರ್. ಆಕೆ ಬರದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಹಾಗಿದ್ದೂ ದಿನವೂ ಹೋಗಿ ಕೂತದ್ದು ಏಕೆ?”

ಈರಭದ್ರಪ್ಪನವರು ಹೇಳಿದರು: “ಅವರಿಬ್ಬರಲ್ಲಿ ಎದ್ದು ಹೋಗಲು ಸಾಧ್ಯವಿದ್ದದ್ದು ಆಕೆಗೆ ಮಾತ್ರ.”